ಬೇಲಿ ದಾಟುವ ಮಂಜು: ಆಕಾಶದಿಂದ ವಿಷ ಸಿಂಪಡಿಸುವವರಿಗೆ ನಿಯಮ ಬೇಡವೇ?

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಹೆಸರಿನ ಒಂದು ಪುಟ್ಟ ಊರಿದೆ. ಪಡ್ರೆ ಗ್ರಾಮಕ್ಕೆ ಸೇರಿದ ಊರು. ಸುತ್ತಲೂ ಗುಡ್ಡಗಳು. ಗುಡ್ಡದ ನೆತ್ತಿಯಲ್ಲಿ ಸರಕಾರಿ ನಿಗಮದ ಗೇರು ತೋಟ, ಇಳಿಜಾರು ಮುಗಿಯುವಲ್ಲಿ ಅಡಿಕೆ ತೋಟ, ನಡುನಡುವೆ ಮನೆಗಳು. ಈ ಮನೆಗಳಲ್ಲಿ ಅನೇಕವಕ್ಕೆ ಕುಡಿಯುವ ನೀರು ಬರುವುದು ಸುರಂಗಗಳಿಂದ. ಗುಡ್ಡದ ಹೊಟ್ಟೆಯನ್ನು ಅಡ್ಡವಾಗಿ ಕೊರೆದು, ಮಳೆಗಾಲದಲ್ಲಿ ಅದು ಹೀರಿಕೊಂಡ ನೀರು ವರ್ಷವಿಡೀ ಜಿನುಗುವಂತೆ ಮಾಡುವ ವಿದ್ಯೆ ಈ ಗಡಿನಾಡಿನದ್ದು. ಗುಡ್ಡ ಏನನ್ನು ಕುಡಿಯುತ್ತದೋ ಅದನ್ನೇ ಕೆಳಗಿನ ಮನೆಯವರೂ ಕುಡಿಯುತ್ತಾರೆ. ಇದನ್ನು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ, ಒಮ್ಮೆ ಆ ಇಳಿಜಾರಿನಲ್ಲಿ ನಿಂತು ನೋಡಿದರೆ ಸಾಕು.

ಈ ಗುಡ್ಡಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದ ಡಿಸೆಂಬರ್‌ವರೆಗೆ ಹೆಲಿಕಾಪ್ಟರ್ ಹಾರಿತು. ಗೇರು ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ, ಹೀಗೆ ಸಾಮಾನ್ಯವಾಗಿ ವರ್ಷಕ್ಕೆ ಮೂರು ಬಾರಿ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶವಾಗಿತ್ತು. ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಅಧೀನದಲ್ಲಿ ಕಾಸರಗೋಡು ಜಿಲ್ಲೆಯಲ್ಲಿದ್ದ ಗೇರು ತೋಟಗಳ ವಿಸ್ತೀರ್ಣ 4,600 ಹೆಕ್ಟೇರಿಗಿಂತ ಹೆಚ್ಚು. ಗಡಿಯ ಈಚೆಗೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಮೊದಲಾದ ಕಡೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿಯೂ ಇದೇ ವಿಷ ಇದೇ ವಿಧಾನದಲ್ಲಿ ಬಿತ್ತು. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಮಕ್ಕಳು ಅಂಗಳಕ್ಕೆ ಓಡಿ ಬರುತ್ತಿದ್ದರು ಎಂದು ಆ ಕಾಲವನ್ನು ಕಂಡವರು ಈಗಲೂ ಹೇಳುತ್ತಾರೆ. ಹಳ್ಳಿಯ ಮಕ್ಕಳಿಗೆ ಅಷ್ಟು ಹತ್ತಿರದಿಂದ ಹೆಲಿಕಾಪ್ಟರ್ ನೋಡಲು ಸಿಗುವುದೇ ಒಂದು ಹಬ್ಬ.

ಅನಂತರ ನಡೆದುದನ್ನು ಓದುಗರು ಬಲ್ಲರು. ಬುದ್ಧಿ ಬೆಳೆಯದ, ಕೈಕಾಲು ಸ್ವಾಧೀನಕ್ಕೆ ಬಾರದ, ತಲೆ ಮಾತ್ರ ದೊಡ್ಡದಾಗಿ ಬೆಳೆದ ಮಕ್ಕಳ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಕಂಡಿದ್ದೇವೆ, ಮರುಗಿದ್ದೇವೆ, ಪುಟ ತಿರುವಿದ್ದೇವೆ. ಆ ಚಿತ್ರಗಳನ್ನು ಮತ್ತೊಮ್ಮೆ ವರ್ಣಿಸಿ ಕಣ್ಣೀರು ತರಿಸುವುದು ಈ ಲೇಖನದ ಉದ್ದೇಶವಲ್ಲ. ನನ್ನನ್ನು ಕಾಡುತ್ತಿರುವುದು ಬೇರೆಯೇ ಒಂದು ಸಂಗತಿ. ಈ ದುರಂತ ಕಾನೂನು ಇಲ್ಲದ ನಾಡಿನಲ್ಲಿ ನಡೆದದ್ದಲ್ಲ.

ಭಾರತದಲ್ಲಿ ಕೀಟನಾಶಕ ಕಾಯ್ದೆ ಅಂಗೀಕಾರವಾದದ್ದು 1968ರಲ್ಲಿ. ಅದರ ಅಡಿಯಲ್ಲಿ ನಿಯಮಾವಳಿ ರೂಪುಗೊಂಡದ್ದು 1971ರಲ್ಲಿ. ಆ ನಿಯಮಾವಳಿಯ 43ನೇ ನಿಯಮ ವೈಮಾನಿಕ ಸಿಂಪಡಣೆಗೇ ಮೀಸಲು. ಸಿಂಪಡಿಸುವ ಪ್ರದೇಶವನ್ನು ಗುರುತು ಮಾಡುವ ಹೊಣೆ ಸಿಂಪಡಿಸುವವರದ್ದು ಎನ್ನುತ್ತದೆ ಅದು. ಅನುಮತಿ ಪಡೆದ ಕೀಟನಾಶಕವನ್ನು ಮಾತ್ರ, ಅನುಮತಿಸಿದ ಪ್ರಮಾಣದಲ್ಲಿ, ಅನುಮತಿಸಿದ ಎತ್ತರದಿಂದ ಸಿಂಪಡಿಸಬೇಕು. ಕನಿಷ್ಠ 24 ಗಂಟೆ ಮುಂಚಿತವಾಗಿ ಸಂಬಂಧಪಟ್ಟ ಅಧಿಕಾರಿಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕು. ನಿಗದಿತ ಅವಧಿಯವರೆಗೆ ಜನ, ಜಾನುವಾರು ಆ ಪ್ರದೇಶವನ್ನು ಪ್ರವೇಶಿಸದಂತೆ ತಡೆಯಬೇಕು. ತೊಳೆದುಕೊಳ್ಳುವ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರಬೇಕು. ಪೈಲಟ್‌ಗೆ ವಿಷದ ಲಕ್ಷಣಗಳ ಬಗ್ಗೆಯೂ ತರಬೇತಿ ಆಗಿರಬೇಕು. ಅಂದರೆ ಪಡ್ರೆಯ ಮೇಲೆ ಮೊದಲ ಹನಿ ಬೀಳುವ ವರ್ಷಗಳ ಮೊದಲೇ ಈ ಎಲ್ಲ ವಾಕ್ಯಗಳು ಸರಕಾರದ ರಾಜ್ಯಪತ್ರದಲ್ಲಿ ಅಚ್ಚಾಗಿದ್ದವು.

ಆದರೂ ಹೀಗಾಯಿತು. ಯಾಕೆ?

ಒಂದು ಕಾರಣ ನಿಯಮದ ಒಳಗೇ ಇದೆ. ಅದರಲ್ಲಿ ಎತ್ತರದ ಮಾತಿದೆ, ದೂರದ ಮಾತಿಲ್ಲ. ಮನೆಯಿಂದ ಎಷ್ಟು ಮೀಟರ್, ಶಾಲೆಯಿಂದ ಎಷ್ಟು, ಬಾವಿಯಿಂದ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಎತ್ತರದ ಷರತ್ತಾದರೂ ಪಾಲನೆಯಾಯಿತೇ ಎಂದರೆ, ಸಮತಟ್ಟು ಬಯಲಿನಲ್ಲಿ ಗಿಡದ ತಲೆಯ ಸ್ವಲ್ಪವೇ ಮೇಲೆ ಹಾರುವುದು ಸಾಧ್ಯ. ಒಂದು ಗುಡ್ಡ ಏರಿ ಇನ್ನೊಂದು ಕಣಿವೆಗೆ ಇಳಿಯುವ ಗಡಿನಾಡಿನ ನೆಲದಲ್ಲಿ ಹೆಲಿಕಾಪ್ಟರ್ ಎತ್ತರದಲ್ಲೇ ಹಾರಬೇಕಾಗುತ್ತದೆ. ಎತ್ತರದಿಂದ ಬಿಟ್ಟ ದ್ರವ ಹನಿಯಾಗಿ ಬೀಳುವುದಿಲ್ಲ, ಮಂಜಾಗಿ ತೇಲುತ್ತದೆ. ಹನಿ ಎಷ್ಟು ಸಣ್ಣದೋ ಅಷ್ಟು ಹೆಚ್ಚು ಹೊತ್ತು ಅದು ಗಾಳಿಯಲ್ಲಿರುತ್ತದೆ, ಅಷ್ಟು ದೂರ ಸಾಗುತ್ತದೆ. ಚಳಿಗಾಲದ ಬೆಳಗ್ಗೆ ಕಣಿವೆಯಲ್ಲಿ ತಂಪು ಗಾಳಿ ಕೆಳಗೆ ನಿಂತು ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿದ್ದರೆ, ಆ ಮಂಜು ಮೇಲೆಯೂ ಹೋಗದೆ ಕೆಳಗಿನ ಮನೆಗಳ ನಡುವೆಯೇ ಸುಳಿದಾಡುತ್ತದೆ. ಗೇರು ಚಿಗುರಿ ಹೂ ಬಿಡುವುದು ಇಂಥದೇ ದಿನಗಳಲ್ಲಿ.

ಇನ್ನೊಂದು ಕಾರಣ ಮುನ್ಸೂಚನೆ. ಬಾವಿಗಳನ್ನು ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳಿದರೆ ಕರ್ತವ್ಯ ಮುಗಿಯಿತೆಂದು ಆಗ ಭಾವಿಸಲಾಯಿತು. ಬಾವಿಗೆ ತೆಂಗಿನ ಮಡಲು ಮುಚ್ಚಬಹುದು. ಸುರಂಗಕ್ಕೆ ಏನು ಮುಚ್ಚುವುದು? ತೋಡಿಗೆ, ಕೆರೆಗೆ, ಹುಲ್ಲಿಗೆ, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಗೆ, ತೊಟ್ಟಿಲ ಮಗುವಿನ ಮೂಗಿಗೆ ಯಾವ ಮುಚ್ಚಳ? ನಿಯಮ ಹೇಳಿದ್ದು ಸಿಂಪಡಿಸುವ ಪ್ರದೇಶಕ್ಕೆ ಜನ ಬಾರದಂತೆ ತಡೆಯಿರಿ ಎಂದು. ವಿಷವೇ ಜನರಿರುವಲ್ಲಿಗೆ ಬಂದಾಗ ಯಾರು ಯಾರನ್ನು ತಡೆಯಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ತೋಟದ ಒಡೆತನ ಸರಕಾರಿ ನಿಗಮದ್ದು, ಸಿಂಪಡಿಸುವುದೂ ಅದೇ ನಿಗಮ, ನಿಯಮ ಪಾಲನೆಯಾಗಿದೆಯೇ ಎಂದು ನೋಡಬೇಕಾದುದೂ ಸರಕಾರ. ಸರಕಾರ ಸರಕಾರವನ್ನೇ ಪ್ರಶ್ನಿಸಬೇಕಾದ ಪರಿಸ್ಥಿತಿಯಲ್ಲಿ ಪ್ರಶ್ನೆಗಳು ಹುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಪ್ರಶ್ನೆ ಕೇಳಿದವರೆಲ್ಲ ಬಿಡಿಬಿಡಿ ವ್ಯಕ್ತಿಗಳು. ಹುಟ್ಟುವ ಕರುಗಳಲ್ಲಿ ಕಾಣಿಸಿಕೊಂಡ ಅಂಗವೈಕಲ್ಯವನ್ನು ಗಮನಿಸಿ ಆರಂಭದಲ್ಲಿಯೇ ಬರೆದವರು ಪಡ್ರೆಯ ಕೃಷಿಕ ಪತ್ರಕರ್ತ ಶ್ರೀ ಪಡ್ರೆ. ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳಿಂದ ಬರುವ ರೋಗಿಗಳಲ್ಲಿ ಅಸಹಜವಾದದ್ದೇನೋ ಇದೆಯೆಂದು ಗುರುತಿಸಿದವರು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಪೆರಿಯದ ಕಡೆಯಲ್ಲಿ ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದವರು ಕೃಷಿ ಇಲಾಖೆಯಲ್ಲಿಯೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ. ಸರಕಾರಿ ನೌಕರಿಯಲ್ಲಿದ್ದುಕೊಂಡು ಸರಕಾರಿ ನಿಗಮದ ವಿರುದ್ಧ ದಾವೆ ಹೂಡುವುದು ಎಂಥ ಧೈರ್ಯದ ಕೆಲಸವೆಂದು ನೌಕರಿ ಮಾಡಿದವರಿಗೆ ಗೊತ್ತು. ಆ ಮಕ್ಕಳ ಬದುಕನ್ನು ಕ್ಯಾಮರಾದಲ್ಲಿ ಸೆರೆಹಿಡಿದವರಲ್ಲಿ ಅಧ್ಯಾಪಕ ಎಂ.ಎ. ರಹ್ಮಾನ್ ಒಬ್ಬರು. ಧರ್ಮ, ಭಾಷೆ ನೋಡದೆ ಬಿದ್ದ ವಿಷದ ವಿರುದ್ಧ ಧರ್ಮ, ಭಾಷೆ ನೋಡದೆ ಜನ ನಿಂತರು ಎಂಬುದಷ್ಟೇ ಈ ಕಥೆಯಲ್ಲಿ ಸಮಾಧಾನ ಕೊಡುವ ಅಂಶ.

ಇನ್ನು ವಿಜ್ಞಾನದ ವಿವಾದ. ರಾಷ್ಟ್ರೀಯ ಮಾನವ ಹಕ್ಕು ಆಯೋಗ ಮಧ್ಯಪ್ರವೇಶಿಸಿದ ಬಳಿಕ ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಪಡ್ರೆಗೆ ಬಂತು. ಅಲ್ಲಿನ ಶಾಲಾ ಮಕ್ಕಳನ್ನೂ, ವೈಮಾನಿಕ ಸಿಂಪಡಣೆ ನಡೆಯದ ಮೀಂಜ ಪಂಚಾಯತಿನ ಮಕ್ಕಳನ್ನೂ ಹೋಲಿಸಿ ನೋಡಿತು. ರಕ್ತದಲ್ಲಿ ಎಂಡೋಸಲ್ಫಾನಿನ ಅಂಶ, ಕಲಿಕೆ ಮತ್ತು ನರಸಂಬಂಧಿ ತೊಂದರೆಗಳು, ಹುಡುಗರಲ್ಲಿ ಪ್ರೌಢತೆಯ ವಿಳಂಬ, ಇವೆಲ್ಲ ಪಡ್ರೆಯ ಮಕ್ಕಳಲ್ಲಿ ಹೆಚ್ಚು ಕಂಡವು. ಆದರೆ ಕೇಂದ್ರ ಸರಕಾರ ನೇಮಿಸಿದ ಸಮಿತಿಗಳು ಸಿಂಪಡಣೆಗೂ ರೋಗಗಳಿಗೂ ನೇರ ಸಂಬಂಧ ಸ್ಥಾಪಿತವಾಗಿಲ್ಲ ಎಂದವು. ಇಂದಿಗೂ ಹಾಗೆ ವಾದಿಸುವ ವಿಜ್ಞಾನಿಗಳಿದ್ದಾರೆ. ಆ ವಾದವನ್ನು ಅಪ್ರಾಮಾಣಿಕ ಎಂದು ತಳ್ಳಿಹಾಕಬೇಕಿಲ್ಲ. ಒಂದು ಊರಿನ ಒಂದೊಂದು ರೋಗಕ್ಕೂ ಒಂದೇ ಕಾರಣವನ್ನು ಅಂಟಿಸುವುದು ವೈದ್ಯವಿಜ್ಞಾನದಲ್ಲಿ ಕಷ್ಟ ಎಂಬುದು ನಿಜ.

ಆದರೆ ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ಈ ಮಗುವಿನ ಈ ರೋಗಕ್ಕೆ ಈ ರಾಸಾಯನಿಕವೇ ಕಾರಣವೇ ಎಂಬುದು ಒಂದು. ಕೀಟದ ನರಮಂಡಲವನ್ನು ಹಾಳುಗೆಡವಲೆಂದೇ ತಯಾರಿಸಿದ ದ್ರವ್ಯವನ್ನು ಜನ ವಾಸಿಸುವ ಕಣಿವೆಯ ಮೇಲೆ, ಅವರ ಒಪ್ಪಿಗೆಯಿಲ್ಲದೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಸಿಂಪಡಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪ್ರಯೋಗಾಲಯ ಬೇಕು. ಎರಡನೆಯದು ನ್ಯಾಯದ ಪ್ರಶ್ನೆ. ಮೊದಲನೆಯದರ ಉತ್ತರ ಬರುವ ತನಕ ಎರಡನೆಯದನ್ನು ಕೇಳಬೇಡಿ ಎಂದು ಸಂತ್ರಸ್ತರಿಗೆ ಹೇಳುತ್ತಾ ಬಂದದ್ದೇ ಆ ಎರಡು ದಶಕಗಳ ದೊಡ್ಡ ಅನ್ಯಾಯ.

ಈ ಎರಡನೆಯ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಕೇಳಿರಲಿಲ್ಲವೆಂದು ಭಾವಿಸಬೇಡಿ. ತನ್ನ ಜಮೀನಿನಲ್ಲಿ ತಾನು ಏನು ಬೇಕಾದರೂ ಮಾಡಬಹುದೇ ಎಂಬುದು ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಬಹಳ ಹಳೆಯ ಚರ್ಚೆ. ಹನಫೀ ವಿದ್ವಾಂಸರ ಮೊದಲ ತಲೆಮಾರು ಒಡೆತನದ ಹಕ್ಕಿಗೆ ಹೆಚ್ಚು ತೂಕ ಕೊಟ್ಟಿತು. ತನ್ನ ಸ್ವತ್ತಿನ ಮಿತಿಯೊಳಗೆ ಮಾಲೀಕ ಸ್ವತಂತ್ರ ಎಂಬುದು ಅವರ ತರ್ಕ. ಆದರೆ ಊರು ಬೆಳೆದು ಮನೆಗೆ ಮನೆ ತಾಗಿದಾಗ, ಒಬ್ಬನ ಒಲೆಯ ಹೊಗೆ ಇನ್ನೊಬ್ಬನ ಕೋಣೆಗೆ ನುಗ್ಗಿದಾಗ, ಅನಂತರದ ವಿದ್ವಾಂಸರು ಆ ತರ್ಕವನ್ನು ಅಲ್ಲಿಗೇ ಬಿಡಲಿಲ್ಲ. ನೆರೆಯವನಿಗೆ ಅತಿಯಾದ ಹಾನಿಯಾಗುವುದಾದರೆ ಮಾಲೀಕನ ಸ್ವಾತಂತ್ರ್ಯಕ್ಕೆ ತಡೆಯಿದೆ ಎಂದರು. ಉಸ್ಮಾನಿಯಾ ಸಾಮ್ರಾಜ್ಯ 19ನೇ ಶತಮಾನದ ಉತ್ತರಾರ್ಧದಲ್ಲಿ ಸಿದ್ಧಪಡಿಸಿದ ಮಜಲ್ಲ ಎಂಬ ನಾಗರಿಕ ಸಂಹಿತೆಯಲ್ಲಿ ಈ ಚರ್ಚೆ ಕಲಮುಗಳ ರೂಪ ಪಡೆಯಿತು. ಮನೆಗೆ ತಾಗಿ ಕಮ್ಮಾರಸಾಲೆ ಅಥವಾ ಗಿರಣಿ ಹಾಕಿ ಅದರ ಹೊಡೆತಕ್ಕೆ ಮನೆ ಸಡಿಲವಾದರೆ, ಗಾಣದ ವಾಸನೆಯಿಂದಲೋ ಒಲೆಯ ಹೊಗೆಯಿಂದಲೋ ಪಕ್ಕದವರು ವಾಸಿಸಲಾಗದೆ ಹೋದರೆ, ಅದು ಅತಿಯಾದ ಹಾನಿ, ಅದನ್ನು ನಿವಾರಿಸಲೇಬೇಕು ಎಂಬುದು ಅದರ 1200ನೇ ಕಲಮಿನ ಸಾರಾಂಶ. ಎಲ್ಲರಿಗೆ ತಟ್ಟುವ ಹಾನಿಯನ್ನು ತಪ್ಪಿಸಲು ಒಬ್ಬನಿಗೆ ಆಗುವ ನಷ್ಟವನ್ನು ಸಹಿಸಿಕೊಳ್ಳಬಹುದು ಎನ್ನುತ್ತದೆ 26ನೇ ಕಲಮು. ಲಾಭ ಗಳಿಸುವುದಕ್ಕಿಂತ ಕೇಡು ತಡೆಯುವುದು ಮೊದಲು ಎನ್ನುತ್ತದೆ 30ನೇ ಕಲಮು.

ಇವೆಲ್ಲದರ ಬೇರು ಯಾರಿಗೂ ಹಾನಿ ಮಾಡಕೂಡದು, ಹಾನಿಗೆ ಪ್ರತಿಹಾನಿಯೂ ಸಲ್ಲದು ಎಂಬ ಆಶಯದ ಪ್ರವಾದಿ(ಸ)ವಚನ. ನಾವು ಅದನ್ನು ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ. ನೆರೆಯವರ ಹಕ್ಕುಗಳ ಬಗ್ಗೆ ಕೇಳಿದಷ್ಟು ಬಾರಿ ಬೇರೆ ವಿಷಯಗಳನ್ನು ಕೇಳಿರಲಾರೆವು. ಆದರೆ ಸಾರಿಗೆ ಸ್ವಲ್ಪ ಹೆಚ್ಚು ನೀರು ಹಾಕಿ ಪಕ್ಕದ ಮನೆಗೂ ಕೊಡುವುದಕ್ಕಷ್ಟೇ ನೆರೆಹೊರೆಯ ಹಕ್ಕನ್ನು ಸೀಮಿತಗೊಳಿಸಿಕೊಂಡಿದ್ದೇವೆಯೇ ಎಂಬ ಅನುಮಾನ ನನಗಿದೆ. ನಮ್ಮಲ್ಲಿಯೂ ತೋಟವಿರುವವರಿದ್ದಾರೆ, ಕೀಟನಾಶಕದ ಅಂಗಡಿ ಇಟ್ಟವರಿದ್ದಾರೆ. ಈಗ ಡ್ರೋನ್ ಬಾಡಿಗೆಗೆ ಕೊಡುವ ವ್ಯವಹಾರಕ್ಕೆ ಇಳಿಯುವ ಯುವಕರೂ ಇರುತ್ತಾರೆ. ಅವರ ಮಟ್ಟಿಗೆ ಈ ಹದೀಸಿನ ಅರ್ಥ ಎಷ್ಟು ಮೀಟರ್ ದೂರ, ಗಾಳಿ ಯಾವ ದಿಕ್ಕಿಗೆ ಎಂಬಷ್ಟು ನಿಖರವಾಗಿರಬೇಡವೇ?

ಡ್ರೋನ್ ಎಂದೆ. ಹಳೆಯ ದುರಂತವನ್ನು ಈಗ ಕೆದಕುವುದೇಕೆ ಎಂದು ಕೇಳುವವರಿಗೆ ಉತ್ತರ ಅಲ್ಲಿದೆ. ಸುಪ್ರೀಮ್ ಕೋರ್ಟ್ 2011ರ ಮೇ 13ರಂದು ದೇಶಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಅದನ್ನು ನಿವಾರಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದ್ದವು. ಒಂದು ರಾಸಾಯನಿಕ ಹೋಯಿತು. ಆದರೆ ವಿಧಾನ ಹೋಗಲಿಲ್ಲ. ಹಿಂದೆ ಒಂದು ಜಿಲ್ಲೆಗೆ ಒಂದು ಹೆಲಿಕಾಪ್ಟರ್ ಬರುತ್ತಿತ್ತು. ಈಗ ಹೋಬಳಿಗೊಂದು, ಮುಂದೆ ಊರಿಗೊಂದು ಡ್ರೋನ್ ಬರಲಿದೆ. ಸ್ವಸಹಾಯ ಸಂಘಗಳ 15,000 ಮಹಿಳಾ ಗುಂಪುಗಳಿಗೆ ಡ್ರೋನ್ ಕೊಡುವ ಯೋಜನೆಯನ್ನು ಕೇಂದ್ರ ಸರಕಾರ 2023ರಲ್ಲಿ ಘೋಷಿಸಿದೆ. ಅಡಿಕೆ ತೋಟಗಳಲ್ಲಿ ಔಷಧಿ ಬಿಡಲು ಡ್ರೋನ್ ಬಳಸುವ ಪ್ರಾತ್ಯಕ್ಷಿಕೆಗಳು ನಮ್ಮ ಕರಾವಳಿಯಲ್ಲಿಯೂ ನಡೆದಿವೆ.

ಡ್ರೋನನ್ನು ವಿರೋಧಿಸುವುದು ಈ ಲೇಖನದ ಉದ್ದೇಶವಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷದ ಮಂಜಿನೊಳಗೇ ನಡೆಯುವ ಕೂಲಿಯವನ ಸ್ಥಿತಿಯನ್ನು ಬಲ್ಲವರು ಹಾಗೆ ವಿರೋಧಿಸಲಾರರು. ಮಹಾರಾಷ್ಟ್ರದ ಯವತ್ಮಾಲ್ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿ ಹೊಲಗಳಿಗೆ ಔಷಧಿ ಹೊಡೆದ ಇಪ್ಪತ್ತರಷ್ಟು ಮಂದಿ ಕೃಷಿಕರು ಮತ್ತು ಕೂಲಿಗಳು ಆ ಔಷಧಿಯಿಂದಲೇ ಪ್ರಾಣ ಬಿಟ್ಟರು. ನಮ್ಮಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಸುರಿವ ಮಳೆಯ ನಡುವೆ ಜಾರುವ ಅಡಿಕೆ ಮರ ಏರಿ ಬಿದ್ದು ಸೊಂಟ ಮುರಿದುಕೊಂಡವರಿಲ್ಲದ ಊರು ಇರಲಾರದು. ದೋಟಿ ಬಂದ ಮೇಲೆ ಅವರ ಕಷ್ಟ ಸ್ವಲ್ಪ ಇಳಿದಿದೆ, ಡ್ರೋನ್ ಬಂದರೆ ಇನ್ನಷ್ಟು ಇಳಿದೀತು. ಸಿಂಪಡಿಸುವವನ ಜೀವ ಉಳಿಸುವ ಯಂತ್ರ ಖಂಡಿತ ಬರಲಿ. ಅವನ ಮೈಮೇಲಿಂದ ತಪ್ಪಿದ ವಿಷ ಪಕ್ಕದ ಅಂಗನವಾಡಿಯ ಮೇಲೆ ಬೀಳಬಾರದು ಎಂಬುದಷ್ಟೇ ಬೇಡಿಕೆ.

ಹಾಗೆ ಬೀಳಲು ಅವಕಾಶವಿದೆಯೇ? ಇದೆ. ಕೈಪಂಪಿನಲ್ಲಿ ಒಂದು ಎಕರೆಗೆ ನೂರಾರು ಲೀಟರ್ ನೀರಿನಲ್ಲಿ ಕರಗಿಸಿ ಬಿಡುವ ಔಷಧಿಯನ್ನು ಡ್ರೋನ್ ಸುಮಾರು ಹತ್ತು ಲೀಟರಿನಲ್ಲಿ ಕರಗಿಸಿ ಬಿಡುತ್ತದೆ. ಹೊರುವ ಭಾರ ಮಿತವಾಗಿರುವುದರಿಂದ ಬೇರೆ ದಾರಿಯಿಲ್ಲ. ಅಂದರೆ ಪ್ರತಿ ಹನಿಯಲ್ಲಿ ವಿಷದ ಸಾಂದ್ರತೆ ಎಷ್ಟೋ ಪಟ್ಟು ಹೆಚ್ಚು, ಹನಿಯ ಗಾತ್ರವೂ ಸಣ್ಣದು. ಹೆಲಿಕಾಪ್ಟರಿಗಿಂತ ತಗ್ಗಿನಲ್ಲಿ ಹಾರುತ್ತದೆ ಎಂಬುದು ಡ್ರೋನಿನ ಗುಣ. ಆದರೆ ಅಡಿಕೆ ಮರದ ತಲೆಯ ಮೇಲೆ ಹಾರುವಾಗ ಅದು ನೆಲದಿಂದ ಐವತ್ತು ಅರುವತ್ತು ಅಡಿ ಎತ್ತರದಲ್ಲಿರುತ್ತದೆ, ಪಕ್ಕದ ಮನೆಯ ಮಾಡಿಗಿಂತ ಬಹಳ ಮೇಲೆ. ನಮ್ಮ ಕರಾವಳಿಯಲ್ಲಿ ಊರು ಬೇರೆ, ಹೊಲ ಬೇರೆ ಎಂಬ ಬಯಲುಸೀಮೆಯ ವ್ಯವಸ್ಥೆ ಇಲ್ಲ. ಪ್ರತಿ ಮನೆಯೂ ತೋಟದೊಳಗೇ ಇದೆ, ಪ್ರತಿ ತೋಟದಲ್ಲೂ ಬಾವಿ ಇದೆ. ಮನೆಗಳಿಗೆ ತಾಗಿರುವ ಪ್ರದೇಶ ಎಂದು ಪ್ರತ್ಯೇಕಿಸಲು ಹೋದರೆ ಇಲ್ಲಿ ಎಲ್ಲವೂ ಅದೇ.

2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಗೆ ಮಾರ್ಗಸೂಚಿ ಹೊರಡಿಸಿತು. ಹಾರಾಟದ ಅನುಮತಿ, ಜನದಟ್ಟಣೆಯ ಪ್ರದೇಶಗಳ ನಿರ್ಬಂಧ, ನೋಂದಣಿ, ವಿಮೆ, ಪೈಲಟ್ ತರಬೇತಿ, ಹವಾಮಾನ, ಎಲ್ಲದರ ಪ್ರಸ್ತಾಪ ಅದರಲ್ಲಿದೆ. ಒಳ್ಳೆಯದೇ. ಆದರೆ 43ನೇ ನಿಯಮವೂ ಹಾಗೆಯೇ ಒಳ್ಳೆಯದಾಗಿತ್ತು ಎಂಬುದನ್ನು ನೆನಪಿಡಬೇಕು. ಡ್ರೋನ್ ಹಾರಿಸುವವ ಮಾರ್ಗಸೂಚಿ ಪಾಲಿಸಿದನೇ ಎಂದು ಬೆಳಗ್ಗೆ ಏಳು ಗಂಟೆಗೆ ತೋಟದ ಬದಿಯಲ್ಲಿ ನಿಂತು ನೋಡುವವರು ಯಾರು? ತಾಲೂಕಿಗೆ ಬೆರಳೆಣಿಕೆಯ ಕೃಷಿ ಅಧಿಕಾರಿಗಳಿರುವಲ್ಲಿ ಅವರಿಂದ ಇದನ್ನು ನಿರೀಕ್ಷಿಸುವುದು ಅವರಿಗೂ ಅನ್ಯಾಯ.

ಹೊರಗಿನವರ ಅನುಭವದಿಂದ ಕಲಿಯುವುದು ಬಹಳವಿದೆ. ಐರೋಪ್ಯ ಒಕ್ಕೂಟ 2009ರ ನಿರ್ದೇಶನದಲ್ಲಿ ವೈಮಾನಿಕ ಸಿಂಪಡಣೆಯನ್ನು ಸಾಮಾನ್ಯ ನಿಯಮವಾಗಿ ನಿಷೇಧಿಸಿತು. ಬೇರೆ ದಾರಿಯೇ ಇಲ್ಲವೆಂದು ತೋರಿಸಿಕೊಟ್ಟವರಿಗೆ ಮಾತ್ರ ವಿನಾಯಿತಿ. ಅಂದರೆ ರುಜುವಾತಿನ ಹೊಣೆ ಸಿಂಪಡಿಸುವವನ ಮೇಲೆ. ಬ್ರೆಜಿಲ್ 2008ರಲ್ಲಿಯೇ ದೂರವನ್ನು ನಿಗದಿಪಡಿಸಿತ್ತು, ಊರು ಮತ್ತು ಕುಡಿಯುವ ನೀರಿನ ಮೂಲಗಳಿಂದ 500 ಮೀಟರ್, ಒಂಟಿ ಮನೆ ಮತ್ತು ಜಾನುವಾರುಗಳಿಂದ 250 ಮೀಟರ್. ಆದರೂ 2013ರ ಮೇ ತಿಂಗಳಲ್ಲಿ ರಿಯೊ ವೆರ್ಡೆ ಎಂಬಲ್ಲಿ ಜೋಳದ ಹೊಲಕ್ಕೆ ಸಿಂಪಡಿಸುತ್ತಿದ್ದ ವಿಮಾನವೊಂದರ ವಿಷ ಹಳ್ಳಿಶಾಲೆಯ ಮಕ್ಕಳ ಮೇಲೆ ಬಿತ್ತು, ಹತ್ತಾರು ಮಕ್ಕಳು ಆಸ್ಪತ್ರೆ ಸೇರಿದರು. ಅದೇ ದೇಶದ ಸಿಯಾರಾ ರಾಜ್ಯದಲ್ಲಿ ವೈಮಾನಿಕ ಸಿಂಪಡಣೆಯ ವಿರುದ್ಧ ಹೋರಾಡಿದ ಕೃಷಿಕ ಝೆ ಮರಿಯಾ ದೊ ತೊಮೆ 2010ರಲ್ಲಿ ಗುಂಡಿಗೆ ಬಲಿಯಾದರು. ರಾಜ್ಯ ಆ ಬಳಿಕ ಸಂಪೂರ್ಣ ನಿಷೇಧದ ಕಾನೂನು ತಂದು ಅದಕ್ಕೆ ಅವರದೇ ಹೆಸರಿಟ್ಟಿತು. 2023ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಫಿಲಿಪ್ಪೀನ್ಸಿನ ಮಿಂದನಾವೊ ದ್ವೀಪದ ಕಥೆ ಇದಕ್ಕೆ ವಿರುದ್ಧ. ಬಾಳೆತೋಟಗಳ ಸುತ್ತ ವಾಸಿಸುವ ಜನರ ಒತ್ತಾಯಕ್ಕೆ ಮಣಿದು ದಾವಾವೊ ನಗರಾಡಳಿತ 2007ರಲ್ಲಿ ವೈಮಾನಿಕ ಸಿಂಪಡಣೆಯನ್ನು ನಿಷೇಧಿಸಿತು. ತೋಟದ ಮಾಲೀಕರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಸುಪ್ರೀಮ್ ಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು. ಬೇರೆ ವಿಧಾನಕ್ಕೆ ಬದಲಾಗಲು ಕೊಟ್ಟ ಮೂರು ತಿಂಗಳ ಕಾಲಾವಕಾಶ ಸಾಲದು, ಸಣ್ಣ ತೋಟ ದೊಡ್ಡ ತೋಟ ಎನ್ನದೆ ಎಲ್ಲರಿಗೂ ಒಂದೇ 30 ಮೀಟರ್ ಅಂತರ ವಿಧಿಸಿದ್ದು ಸರಿಯಲ್ಲ ಎಂಬುದು ಕಾರಣಗಳಲ್ಲಿ ಸೇರಿದ್ದವು. ಜನರ ಬೇಡಿಕೆ ನ್ಯಾಯಯುತವಾಗಿದ್ದರೂ ಕಾನೂನನ್ನು ಅವಸರದಲ್ಲಿ, ಅಳತೆಯಿಲ್ಲದೆ ಬರೆದರೆ ಅದು ಮೊದಲ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ. ನಮ್ಮಲ್ಲಿ ಹೀಗಾಗಬಾರದೆಂದಾದರೆ ನಿಷೇಧದ ಘೋಷಣೆಗಿಂತ ವಿವರಗಳ ಕಡೆ ಗಮನ ಕೊಡಬೇಕು.

ವಿವರಗಳೆಂದರೆ ಯಾವುವು? ಮನೆ, ಶಾಲೆ, ಅಂಗನವಾಡಿ, ಆಸ್ಪತ್ರೆ, ಮದ್ರಸ, ಬಾವಿ, ಸುರಂಗದ ಬಾಯಿ, ತೋಡು, ಇವುಗಳಿಂದ ಬಿಡಬೇಕಾದ ದೂರವನ್ನು ಮೀಟರುಗಳಲ್ಲಿ ಬರೆಯಬೇಕು, ಮತ್ತು ಇಳಿಜಾರಿನ ನೆಲಕ್ಕೆ ಆ ದೂರ ಹೆಚ್ಚಿರಬೇಕು. ಶಿಲೀಂಧ್ರಕ್ಕೆ ಬಿಡುವ ಮೈಲುತುತ್ತು ಸುಣ್ಣದ ದ್ರಾವಣವನ್ನೂ ನರಮಂಡಲಕ್ಕೆ ತಾಗುವ ಕೀಟನಾಶಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತೀವ್ರ ವಿಷಗಳನ್ನು ಜನವಸತಿಯ ಸಮೀಪ ಆಕಾಶದಿಂದ ಬಿಡಲು ಅವಕಾಶವೇ ಇರಬಾರದು. ಮುನ್ಸೂಚನೆಯಲ್ಲಿ ದಿನ ಮತ್ತು ಹೊತ್ತಿನ ಜೊತೆ ರಾಸಾಯನಿಕದ ಹೆಸರೂ ಇರಬೇಕು. ಇದು ಸಣ್ಣ ವಿಷಯವಲ್ಲ. ಉಸಿರುಕಟ್ಟಿ ಬಂದ ಮಗುವಿಗೆ ತಾಗಿದ್ದು ಆರ್ಗನೊಫಾಸ್ಫೇಟ್ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಗೊತ್ತಿದ್ದರೆ ಅಟ್ರೊಪಿನ್ ಕೊಡಬಹುದು. ಎಂಡೋಸಲ್ಫಾನಿನಂಥ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಮಾಡಬೇಕು. ಹೆಸರು ಗೊತ್ತಿಲ್ಲದಿದ್ದರೆ ವೈದ್ಯರು ಕತ್ತಲಲ್ಲಿ ತಡಕಾಡಬೇಕು.

ಈ ಮುನ್ಸೂಚನೆ ಪಂಚಾಯತಿನ ಸೂಚನಾ ಫಲಕದಲ್ಲಿ ಒಂದು ಹಾಳೆಯಾಗಿ ಅಂಟಿಕೊಂಡರೆ ಸಾಲದು. ಸುದ್ದಿ ಮುಟ್ಟಿಸಲು ನಮ್ಮ ಊರುಗಳಲ್ಲಿ ಬೇಕಾದಷ್ಟು ದಾರಿಗಳಿವೆ. ಮಸೀದಿಯ ಮೈಕಿನಲ್ಲಿ ಮರಣವಾರ್ತೆ ಹೇಳುತ್ತೇವೆ, ಕಳೆದುಹೋದ ಮಗುವಿನ ಬಗ್ಗೆ ಹೇಳುತ್ತೇವೆ. ನಾಳೆ ಬೆಳಗ್ಗೆ ಇಂಥ ತೋಟದಲ್ಲಿ ಔಷಧಿ ಬಿಡುತ್ತಾರೆ, ಮಕ್ಕಳನ್ನು ಆ ದಾರಿಯಲ್ಲಿ ಕಳಿಸಬೇಡಿ, ಹಸು ಬಿಡಬೇಡಿ ಎಂದು ಹೇಳಲು ಏನು ತೊಂದರೆ? ದೇವಸ್ಥಾನ, ಇಗರ್ಜಿ, ಹಾಲಿನ ಸೊಸೈಟಿಗಳಿಗೂ ಇದೇ ಮಾತು. ಇದಕ್ಕೆ ಸರಕಾರದ ಆದೇಶವೂ ಬೇಕಿಲ್ಲ.

ಅಧಿಕಾರದ ವಿಷಯ ಹಾಗಲ್ಲ, ಅದಕ್ಕೆ ಕಾನೂನೇ ಬೇಕು. 1968ರ ಕಾಯ್ದೆಯ 27ನೇ ಕಲಮಿನ ಪ್ರಕಾರ ಅಪಾಯಕಾರಿಯೆಂದು ಕಂಡ ಕೀಟನಾಶಕವನ್ನು ತಡೆಯಲು ರಾಜ್ಯ ಸರಕಾರಕ್ಕಿರುವ ಅಧಿಕಾರ 60 ದಿನಗಳದ್ದು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ತಡೆದದ್ದು ಈ ಸೀಮಿತ ಅಧಿಕಾರದಿಂದಲೇ. ಗ್ರಾಮ ಪಂಚಾಯತಿಗಂತೂ ಈ ಕಾಯ್ದೆಯಲ್ಲಿ ಹೇಳಿಕೊಳ್ಳುವಂಥ ಸ್ಥಾನವಿಲ್ಲ. ಹೊಸ ಕೀಟನಾಶಕ ನಿರ್ವಹಣಾ ಮಸೂದೆ 2008ರಲ್ಲೊಮ್ಮೆ, 2020ರಲ್ಲೊಮ್ಮೆ ರಾಜ್ಯಸಭೆಗೆ ಬಂತು, ಎರಡೂ ಬಾರಿ ಅಲ್ಲಿಗೇ ನಿಂತಿತು. ಮುಂದೆ ಬರುವ ಕಾನೂನಿನಲ್ಲಿ ಜನವಸತಿಯ ಸಮೀಪದ ಸಿಂಪಡಣೆಗೆ ಪಂಚಾಯತಿನ ಒಪ್ಪಿಗೆ ಕಡ್ಡಾಯವಾಗಬೇಕು, ದೂರು ಬಂದಾಗ ಸಿಂಪಡಣೆಯನ್ನು ಅಂದೇ ನಿಲ್ಲಿಸುವ ಅಧಿಕಾರ ಅದಕ್ಕಿರಬೇಕು. ಡ್ರೋನ್ ಹಾರಿದ ದಾರಿ ಅದರ ಯಂತ್ರದಲ್ಲೇ ದಾಖಲಾಗುತ್ತದೆ. ಆ ದಾಖಲೆಯನ್ನು ಕೇಳಿದ ನಾಗರಿಕನಿಗೆ ಕೊಡಬೇಕೆಂದು ಬರೆದರೆ ತಾಲೂಕಿನ ಅಧಿಕಾರಿ ಪ್ರತಿ ತೋಟದ ಬದಿಯಲ್ಲಿ ನಿಲ್ಲಬೇಕಿಲ್ಲ. ಹೆಲಿಕಾಪ್ಟರಿನ ಕಾಲದಲ್ಲಿ ಇಲ್ಲದಿದ್ದ ಸೌಕರ್ಯವಿದು.

ಖರ್ಚಿನ ಮಾತು ಎತ್ತುವವರಿಗೆ ಕಾಸರಗೋಡಿನ ಲೆಕ್ಕ ಇದೆ. 2017ರ ಜನವರಿ 10ರಂದು ಸುಪ್ರೀಮ್ ಕೋರ್ಟ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಮತ್ತೆ ಕೇಳಿದಾಗ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ. ಈಚೆಗೆ ದಕ್ಷಿಣ ಕನ್ನಡದಲ್ಲಿಯೂ ಮಾಸಾಶನ, ಕೊಕ್ಕಡ ಮತ್ತು ಕೊಯಿಲದ ಪಾಲನಾ ಕೇಂದ್ರಗಳು ಸುಲಭವಾಗಿ ಸಿಕ್ಕಿದವಲ್ಲ, ಹೈಕೋರ್ಟಿನವರೆಗೆ ಹೋಗಬೇಕಾಯಿತು. ಮಲಗಿದಲ್ಲೇ ಇರುವ ಮೂವತ್ತು ವರ್ಷದ ಮಗನನ್ನು ಮಗುಚಿ ಹಾಕುತ್ತಾ ಮುದುಕಿಯಾದ ತಾಯಿಯ ಆಯುಷ್ಯವನ್ನು ಯಾವ ಕಾಲಮಿನಲ್ಲಿ ಬರೆಯುವುದೆಂದು ಈ ಲೆಕ್ಕಪತ್ರಗಳಿಗೆ ತಿಳಿದಿಲ್ಲ. ನನ್ನ ನಂತರ ಇವನಿಗೆ ಯಾರು ಎಂಬುದು ಅಲ್ಲಿನ ತಾಯಂದಿರು ಬಂದವರೆಲ್ಲರ ಮುಂದೆ ಇಡುವ ಪ್ರಶ್ನೆ.

ಸಿಂಪಡಣೆ ನಿಂತ ಮೇಲೂ ಉಳಿದ ಎಂಡೋಸಲ್ಫಾನ್ ನಿಗಮದ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದಿತ್ತು. 2012ರಲ್ಲಿ ತುಕ್ಕು ಹಿಡಿದ ಹಳೆಯ ಡ್ರಮ್ಮುಗಳಿಂದ ಹೊಸ ಡ್ರಮ್ಮುಗಳಿಗೆ ಅದನ್ನು ವರ್ಗಾಯಿಸಲಾಯಿತು. ಇನ್ನೊಂದಷ್ಟನ್ನು ಕರ್ನಾಟಕದ ಗಡಿಗೆ ತಾಗಿರುವ ಮಿಂಚಿಪದವಿನ ಪಾಳುಬಾವಿಯೊಂದಕ್ಕೆ ಸುರಿಯಲಾಗಿತ್ತೆಂಬ ಆರೋಪ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿದೆ. ಆ ಗುಡ್ಡದ ಇಳಿಜಾರಿನ ಎರಡೂ ಬದಿಗಳಲ್ಲಿ ಮನೆಗಳಿವೆ.